ಓಡದ ಟರ್ಕಿ

ಆ ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ಪಕ್ಕದ ಮನೆಯ ಮುನಿರಾಜು ಕಂಕುಳಲ್ಲಿ ಒಂದು ಟರ್ಕಿ ಕೋಳಿ ಇಟ್ಟುಕೊಂಡು ನಮ್ಮ ಅಂಗಳಕ್ಕೆ ಬಂದ. ಮುಖದಲ್ಲಿ ಎಲೆಕ್ಷನ್ ಗೆದ್ದವನ ಕಳೆ.

"ಅಕ್ಕಾ, ನೋಡಿಲ್ಲಿ. ಬರೀ ಕೈಯಲ್ಲಿ ಹಿಡ್ದೆ. ಓಡ್ಲೇ ಇಲ್ಲ ಕಣಕ್ಕಾ."

ಓಡಲೇ ಇಲ್ಲ. ಯಾಕೆ ಓಡಲಿಲ್ಲ ಅಂತ ನಾನು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ. ಫೋನ್ ತೆಗೆದು ಫೋಟೋ ಹೊಡೆದೆ. 'ಸಂಡೇ ಸ್ಪೆಷಲ್' ಅಂತ ಬರೆದು ಸ್ಟೇಟಸ್ಸಿಗೆ ಹಾಕಿದೆ. (ಪಾಲು ಕಳಿಸಿ ಮೇಡಂ ಅಂತ ಆಫೀಸಿನವರ ಮೆಸೇಜುಗಳು ಬಂದವು.)

ಎರಡು ವಾರ ಅಂಕಣ ಬರಲಿಲ್ಲವಲ್ಲ, ಹುಷಾರಿಲ್ಲವೇ ಎಂದು ನಿಮ್ಮಲ್ಲಿ ಕೆಲವರು ವಿಚಾರಿಸಿದಿರಿ. ನಾನು ಹುಷಾರಾಗಿದ್ದೇನೆ. ಮೂರು ಹೊತ್ತು ಊಟ ಮಾಡುತ್ತಿದ್ದೇನೆ, ನಿದ್ದೆಯೂ ಬರುತ್ತಿದೆ. ಅದಕ್ಕೇ ನನ್ನ ಮೇಲೆ ನನಗೆ ಸಿಟ್ಟು.

ಕೋಲಾರದ ಒಂದು ಸರ್ಕಾರಿ ಕಚೇರಿಯಲ್ಲಿ ಕಡತ ತಿರುವುವ ಹೆಂಗಸು ನಾನು ಎಂಬುದು ನಿಮಗೆ ಗೊತ್ತು. ಭಾನುವಾರ ಬಂತೆಂದರೆ ತಾಯಲೂರಿನ ಹತ್ತಿರ ಇರುವ ನಮ್ಮೂರಿಗೆ ಹೋಗುತ್ತೇನೆ. ಅಲ್ಲಿ ನನ್ನ ತಮ್ಮ ನಾಗೇಶ ಬೇಸಾಯ ಮಾಡುತ್ತಾನೆ. ಟೊಮೆಟೊ, ಕಡಲೆಕಾಯಿ, ಒಂದಿಷ್ಟು ರಾಗಿ. ಕಷ್ಟಪಟ್ಟು ದುಡಿಯುವವನು, ಚೆನ್ನಾಗಿಯೇ ಇದ್ದಾನೆ. ಅವನ ಹೆಂಡತಿ, ಮಕ್ಕಳು ಆ ವಾರ ಅವಳ ತವರಿಗೆ ಹೋಗಿದ್ದರು. ಒಲೆ ನನ್ನ ಪಾಲಿಗಿತ್ತು.

ನಮ್ಮೂರಿಗೆ ಟರ್ಕಿ ಎಲ್ಲಿಂದ ಬಂತು? ಊರಾಚೆ ಬೆಂಗಳೂರಿನವರೊಬ್ಬರು ಫಾರ್ಮ್ ಹೌಸ್ ಕಟ್ಟಿಸಿ, ವೀಕೆಂಡಿಗೆ ಬರುವ ನೆಂಟರಿಷ್ಟರಿಗೆ ತೋರಿಸಲು ಹತ್ತಿಪ್ಪತ್ತು ಟರ್ಕಿ ತಂದು ಬಿಟ್ಟಿದ್ದರು. ಆಮೇಲೆ ಶೋಕಿ ತೀರಿತು. ಜಾಗ ಬೇರೆಯವರಿಗೆ ಹೋಯಿತು. ಹೋಗುವಾಗ ಯಾರೋ ಗೇಟು ತೆಗೆದಿಟ್ಟು ಹೋದರು. ಹಕ್ಕಿಗಳು ನೀಲಗಿರಿ ತೋಪು ಹೊಕ್ಕವು, ಅಲ್ಲಿಂದ ಬಂಡೆಗುಡ್ಡ ಹತ್ತಿದವು. ಅಲ್ಲೇ ಮೊಟ್ಟೆ, ಅಲ್ಲೇ ಮರಿ. ಆ ಮರಿಗಳು ಮನುಷ್ಯರ ಕೈಯಿಂದ ಒಂದು ಕಾಳು ತಿಂದವಲ್ಲ. ನಾಯಿ ಅಟ್ಟಿದರೆ ಹೊಂಗೆಮರದ ತುದಿಗೆ ಹಾರಿ ಕೂರುತ್ತಿದ್ದವು. ಟರ್ಕಿ ಹಾರುತ್ತದೆ ಅಂತ ನಾನು ಹೇಳಿದಾಗ ಆಫೀಸಿನಲ್ಲಿ ಎಲ್ಲರೂ ನಕ್ಕಿದ್ದರು.

ಊರಿನವರು ಬಲೆ ಹಾಕಿದರು, ಉರುಲು ಕಟ್ಟಿದರು. ಒಂದೂ ಸಿಗಲಿಲ್ಲ. ಕಡಲೆಕಾಯಿ ಬಿತ್ತಿದ ಮಾರನೇ ದಿನ ಮಾತ್ರ ಅವು ನವಿಲುಗಳ ಜೊತೆ ಸೇರಿಕೊಂಡು ಸಾಲು ಹಿಡಿದು ಕೆದಕಿ ತಿಂದು ಹೋಗುತ್ತಿದ್ದವು. ನಾಗೇಶನ ಕಾಟ ತಡೆಯಲಾರದೆ ನಾನೇ ಒಮ್ಮೆ ಅರಣ್ಯ ಇಲಾಖೆಯ ಪರಿಚಯದವರೊಬ್ಬರಿಗೆ ಫೋನ್ ಮಾಡಿ ವಿಚಾರಿಸಿದ್ದೆ. "ಮೇಡಂ, ಟರ್ಕಿ ನಮ್ಮ ಕಾಡುಪ್ರಾಣಿ ಅಲ್ಲ, ಸಾಕಿದ ಕೋಳಿ. ಹಿಡ್ಕೊಂಡು ತಿಂದ್ರೂ ನಾವು ಕೇಳಲ್ಲ. ನವಿಲು ಮುಟ್ಬೇಡಿ ಅಷ್ಟೆ," ಅಂದಿದ್ದರು. ನಾಗೇಶನಿಗೆ ಹೇಳಿದೆ. ಊರಿಗೆಲ್ಲ ಡಂಗುರ ಹೊಡೆಯುವ ಅಗತ್ಯ ನನಗೆ ಕಾಣಲಿಲ್ಲ.

ಈಗ ಮುನಿರಾಜುವಿನ ಕಂಕುಳಿನ ಹಕ್ಕಿಗೆ ಬರೋಣ. ತಲೆ ಜೋತುಬಿದ್ದಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಕೊಕ್ಕಿನಿಂದ ಜೊಲ್ಲು ಇಳಿಯುತ್ತಿತ್ತು. ಮುನಿರಾಜುವಿನ ತಾಯಿ ಚೌಡಮ್ಮ ಬಂದು ಅದರ ಎದೆ ಒತ್ತಿ ನೋಡಿ, "ತೂಗಡಿಸ್ತಾ ಐತೆ. ಜೀವ ಹೋಗೋಕ್ ಮುಂಚೆ ಕೊಯ್ದುಬಿಡ್ಲಾ," ಅಂದರು.

ನಗಬೇಡಿ, ಮೂಗೂ ಮುರಿಯಬೇಡಿ. ನಮ್ಮ ಕಡೆ ಕೋಳಿ ತೂಕಡಿಸಿದರೆ ಯಾರೂ ಡಾಕ್ಟರನ್ನು ಹುಡುಕುವುದಿಲ್ಲ, ಕತ್ತಿ ಹುಡುಕುತ್ತಾರೆ. ತಾನಾಗಿ ಸತ್ತರೆ ಹೆಣ, ಉಸಿರಿರುವಾಗ ಕೊಯ್ದರೆ ಬಾಡು. ಕುದಿಸಿದ ಮೇಲೆ ಯಾವ ಕಾಯಿಲೆ ಉಳಿಯುತ್ತದೆ? ನಮ್ಮಮ್ಮ ಹೀಗೇ ಮಾಡಿದಳು, ಅವಳಮ್ಮನೂ ಹೀಗೇ. ನಾವು ಸತ್ತಿಲ್ಲವಲ್ಲ? ಇಷ್ಟು ವರ್ಷ ಈ ಲಾಜಿಕ್ ಚೆನ್ನಾಗಿಯೇ ನಡೆದಿತ್ತು.

ಚೌಡಮ್ಮತ್ತೆ (ನೆಂಟಸ್ತಿಕೆ ಏನಿಲ್ಲ, ಹುಟ್ಟಿದಾಗಿನಿಂದ ಅತ್ತೆ ಅಂತಲೇ ಕರೆದಿದ್ದೇನೆ) ಹಕ್ಕಿಯ ಗರಿ ಕೀಳುವುದರಲ್ಲಿ ಪಳಗಿದ ಕೈ. ನನಗೆ ಹತ್ತು ವರ್ಷವಿದ್ದಾಗ ಕೋಳಿ ಕೀಳುವುದನ್ನು ಕಲಿಸಿದ್ದು ಅವರೇ. ನಮ್ಮಮ್ಮ ತೀರಿಕೊಂಡ ವರ್ಷ ಮೂರು ತಿಂಗಳು ನಮ್ಮಿಬ್ಬರಿಗೂ ಅನ್ನ ಹಾಕಿದ್ದೂ ಅವರೇ. ಎಪ್ಪತ್ತು ದಾಟಿದ್ದರೂ ಆವತ್ತು ಸೀರೆ ಎತ್ತಿ ಕಟ್ಟಿ ಒಲೆ ಮುಂದೆ ಕೂತರು.

"ಏಮೇ, ಬಿಸಿನೀರಿಗೆ ಹಾಕೋಕ್ ಮುಂಚೆ ಬಾಲದ ಗರಿ ಕಿತ್ಕೋ. ನೀರು ತಾಕಿದ್ರೆ ಬಣ್ಣ ಸತ್ತೋಗ್ತದೆ," ಅಂತ ನನಗೇ ಹೇಳಿದರು.

ಕಿತ್ತುಕೊಂಡೆ. ಕಪ್ಪು ಅಂದುಕೊಂಡಿದ್ದ ಗರಿ ಬಿಸಿಲಿಗೆ ಹಿಡಿದರೆ ತಾಮ್ರ, ಸ್ವಲ್ಪ ತಿರುಗಿಸಿದರೆ ಹಸಿರು. ತುದಿಯಲ್ಲಿ ಬಿಳಿ ಅಂಚು. ನಾಲ್ಕು ಗರಿ ಆಫೀಸಿನ ಪೆನ್ ಸ್ಟ್ಯಾಂಡಿಗೆ ಅಂತ ಎತ್ತಿಟ್ಟೆ. ಅತ್ತೆ ಒಂದು ಸಣ್ಣ ಗರಿ ಆರಿಸಿ, ಕಿವಿಗೆ ಹಾಕಿಕೊಂಡು ಕಣ್ಣು ಮುಚ್ಚಿ ತಿರುಗಿಸಿಕೊಂಡರು. ಅದರ ಸುಖ ಕಂಡವರಿಗೇ ಗೊತ್ತು.

ಆಮೇಲೆ ಹಕ್ಕಿಯ ಕಾಲು ಹಿಡಿದು ಕುದಿನೀರಿಗೆ ಅದ್ದಿದರು, ಎತ್ತಿದರು, ಮತ್ತೆ ಅದ್ದಿದರು. ರೆಕ್ಕೆಯ ಒಂದು ಗರಿ ಎಳೆದು ನೋಡಿದರು. ಸಲೀಸಾಗಿ ಬಂತು. ಇನ್ನು ನಾವು ಮೂವರು ಹೆಂಗಸರು ಸುತ್ತ ಕೂತು ಕೀಳುವುದೇ ಕೆಲಸ. ಮೂರನೆಯವಳು ರತ್ನ, ಅತ್ತೆಯ ಸೊಸೆ, ಮುನಿರಾಜುವಿನ ಹೆಂಡತಿ. ಹೆಚ್ಚು ಮಾತಾಡುವವಳಲ್ಲ. ಡೈರಿಗೆ ಹಾಲು ಹಾಕಲು ಹೋದಾಗ ಅಲ್ಲಿಗೆ ಬರುವ ಪೇಪರ್ ಓದುತ್ತಾಳೆ. ನಾನು ಬರೆದದ್ದನ್ನು ಊರಲ್ಲಿ ಓದುವವಳು ಅವಳೊಬ್ಬಳೇ.

ಕಿತ್ತ ಮೇಲೆ ಉಳಿದ ನವಿರನ್ನು ತೆಂಗಿನಗರಿಯ ಬೆಂಕಿಯಲ್ಲಿ ಸುಟ್ಟು, ಅರಿಶಿನ ಹಚ್ಚಿ ಉಜ್ಜಿ, ಇನ್ನೊಮ್ಮೆ ಬೆಂಕಿಗೆ ತೋರಿಸಿದರು. ಸುಟ್ಟ ಗರಿಯ ಕಮಟು ಕೇರಿಗೆಲ್ಲ ಹಬ್ಬಿತು. ಹೊಟ್ಟೆ ಸೀಳುವಾಗ ಕತ್ತಿನ ಬುಡದ ಕಾಳಿನ ಚೀಲ ನನ್ನ ಕೈಗೆ ಬಂತು. ತುಂಬಿತ್ತು. ಬಿಡಿಸಿದೆ. ಮುಸುಕಿನ ಜೋಳ, ಅದರ ಮೇಲೆ ನೇರಳೆ ಬಣ್ಣದ ಪುಡಿ. ಒಂಥರಾ ಘಾಟು ಹೊಡೆಯಿತು.

"ಅತ್ತೆ, ಇದೇನು ಬಣ್ಣ?"

"ಬಿತ್ನೆ ಬೀಜ ಇರಬೇಕು ಬಿಡು. ಕಂಪನಿಯೋರು ಬಣ್ಣ ಹಾಕಿರ್ತಾರೆ. ಎಸಿ ಅದನ್ನ, ಕೈ ತೊಳ್ಕೋ."

ಎಸೆದೆ. ಕೈ ತೊಳೆದುಕೊಂಡೆ.

ಈಲಿ (ಲಿವರ್) ಮನೆಯ ಹಿರಿಯರಿಗೆ. ಇದೂ ನಮ್ಮ ಕಡೆಯ ಪದ್ಧತಿ. ಮೆತ್ತಗಿರುತ್ತದೆ, ಹಲ್ಲಿಲ್ಲದವರಿಗೆ ಆಗುತ್ತದೆ. ರತ್ನ ಅದನ್ನು ಕೆಂಡದ ಮೇಲಿಟ್ಟು, ಉಪ್ಪು ಸವರಿ, ಬಟ್ಟಲಲ್ಲಿ ಹಾಕಿ ಅತ್ತೆಯ ಕೈಗೆ ಕೊಟ್ಟಳು. ನನಗೊಂದು ಚೂರು ಕೊಡಲು ಬಂದರು. ನಾನು ಈಲಿ ತಿನ್ನುವುದಿಲ್ಲ. ಎಲ್ಲವನ್ನೂ ಅವರೇ ತಿಂದರು. ಹತ್ತೂವರೆ ಗಂಟೆ ಇದ್ದಿರಬಹುದು.

ಬಲಿತ ಹಕ್ಕಿ, ಬೇಯುವುದು ತಡ. ಒಂದು ಗಂಟೆಗೆ ರತ್ನ ಒಂದು ಪಾತ್ರೆ ತುಂಬ ಸಾರು ತಂದು ನಮ್ಮ ಪಾಲು ಕೊಟ್ಟು ಹೋದಳು. ನಾಗೇಶ ಟೊಮೆಟೊ ಇಳಿಸಲು ಕೋಲಾರದ ಮಂಡಿಗೆ ಹೋಗಿದ್ದವನು ಆಗತಾನೆ ಬಂದ. ಕೈಕಾಲು ತೊಳೆದು ಕೂತ. ಮುದ್ದೆ ಇಟ್ಟು ಸಾರು ಬಿಟ್ಟೆ.

"ಏನಕ್ಕ ಇದು, ಬಾಡು?"

"ಟರ್ಕಿ ಕಣೋ. ಮುನಿರಾಜು ಹಿಡ್ದ. ಬರೀ ಕೈಯಲ್ಲಿ."

ಮುದ್ದೆ ಮುರಿದ ಕೈ ತಟ್ಟೆಯಲ್ಲೇ ನಿಂತಿತು. "ಎಲ್ಲಿ ಸಿಕ್ತಂತೆ?"

"ನಿನ್ನ ಕಡಲೆಕಾಯಿ ಹೊಲದ ಬೇಲಿ ಹತ್ರ."

ನನ್ನ ತಟ್ಟೆ ಎಳೆದು ಆಚೆ ಇಟ್ಟ. "ತಿನ್ಬೇಡ." ತನ್ನ ತಟ್ಟೆಯನ್ನೂ ದೂಡಿದ. "ಶುಕ್ರವಾರ ಜೋಳಕ್ಕೆ ಔಷಧಿ ಬೆರಸಿ ಬೇಲಿ ಉದ್ದಕ್ಕೂ ಹಾಕಿದೀನಿ ಅಕ್ಕ. ನವಿಲಿಗೆ."

ಹೌದು, ನಾವು ವಿಷವನ್ನು ಔಷಧಿ ಅಂತಲೇ ಕರೆಯುತ್ತೇವೆ.

ಓಡಿದೆ. ಮುನಿರಾಜು, ರತ್ನ ಇನ್ನೂ ತಟ್ಟೆ ಹಾಕಿಕೊಳ್ಳುತ್ತಿದ್ದರು. "ತಿನ್ಬೇಡಿ, ಹಕ್ಕಿಗೆ ಕಾಯಿಲೆ ಇತ್ತಂತೆ," ಅಂದೆ. ಕಾಯಿಲೆ ಅಂದೆ, ನೋಡಿ. ಮೊದಲ ಸುಳ್ಳು ಎಷ್ಟು ಸರಾಗವಾಗಿ ಬಂತು. ಅತ್ತೆ ಜಗುಲಿಯ ಮೇಲೆ ಮಲಗಿದ್ದರು. ಬಿಸಿಲಿಗೆ ಸುಸ್ತಾಗಿದೆ ಅಂತ ಬಿಟ್ಟಿದ್ದರಂತೆ. ಮೈಯೆಲ್ಲ ಬೆವರು. ಬಾಯಲ್ಲಿ ಜೊಲ್ಲು. ಬೆಳಗ್ಗೆ ನೋಡಿದ ಜೊಲ್ಲೇ.

ನಾಗೇಶನ ಗೂಡ್ಸ್ ಗಾಡಿಯ ಹಿಂದೆ ಚಾಪೆ ಹಾಸಿ ಅತ್ತೆಯನ್ನು ಮಲಗಿಸಿದೆವು. ಹೊರಡುವ ಮುಂಚೆ ರತ್ನ ಏನು ಮಾಡಿದಳು ಗೊತ್ತೇ? ಅಂಗಳದಲ್ಲಿದ್ದ ಗರಿಯನ್ನೆಲ್ಲ ಬಾಚಿ ಗೊಬ್ಬರದ ಚೀಲಕ್ಕೆ ತುಂಬಿ ತಿಪ್ಪೆಯಲ್ಲಿ ಹೂತು ಬಂದಳು. ನಾನು ಎತ್ತಿಟ್ಟಿದ್ದ ನಾಲ್ಕು ಗರಿಯನ್ನೂ ಬಿಡಲಿಲ್ಲ. ಯಾಕೆಂದು ಗಾಡಿಯಲ್ಲಿ ಗೊತ್ತಾಯಿತು.

"ಅಕ್ಕಾ, ನೀವು ಗೌರ್ಮೆಂಟಲ್ಲಿರೋರು, ನೀವೇ ಹೇಳಿ. ಕಾಡು ಸೇರಿದ ಹಕ್ಕಿ ಅಲ್ವಾ ಅದು? ನವಿಲು ಕೊಯ್ದೋನ್ನ ಜೀಪಲ್ಲಿ ಹಾಕ್ಕೊಂಡು ಹೋದ್ರಲ್ಲ, ಹಂಗೇ ಇವ್ರನ್ನೂ ಹಿಡ್ಕೊಂಡ್ ಹೋಗ್ತಾರಾ? ಡಾಕ್ಟ್ರಿಗೆ ಏನಂತ ಹೇಳೋದು?"

ಮುನಿರಾಜು ಕೈ ಮುಗಿದ. "ಅಕ್ಕಾ, ಆ ಫೋಟೋ ತೆಗ್ದುಬಿಡಿ ಅಕ್ಕಾ."

ಟರ್ಕಿ ಕೊಯ್ದದ್ದಕ್ಕೆ ಯಾವ ಕೇಸೂ ಇಲ್ಲ. ನನಗೆ ಗೊತ್ತಿತ್ತು. ಬಾಯಿ ಬಿಟ್ಟಿದ್ದರೆ ಆ ಗಂಡ ಹೆಂಡತಿಯ ಹೆದರಿಕೆ ಅಲ್ಲೇ ಇಳಿಯುತ್ತಿತ್ತು. ಆಸ್ಪತ್ರೆಯ ಬಾಗಿಲಲ್ಲೇ ಟರ್ಕಿ ಈಲಿ ತಿಂದರು ಅಂತ ಹೇಳುತ್ತಿದ್ದರು. ಹಕ್ಕಿ ಎಲ್ಲಿ ಸಿಕ್ಕಿತು ಅಂತ ಡಾಕ್ಟರು ಕೇಳುತ್ತಿದ್ದರು. ಬೇಲಿ ಯಾರದು ಅಂತ ಕೇಳುತ್ತಿದ್ದರು. ಮುಂದೆ ಕೂತು ಗಾಡಿ ಓಡಿಸುತ್ತಿದ್ದ ನನ್ನ ತಮ್ಮನ ಕುತ್ತಿಗೆ ನನಗೆ ಕಾಣುತ್ತಿತ್ತು.

"ಸದ್ಯಕ್ಕೆ ಸುಮ್ನಿರಿ," ಅಂದೆ. ಸ್ಟೇಟಸ್ ಅಳಿಸಿದೆ.

ಮುಳಬಾಗಿಲಿನ ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದರು. ಅತ್ತೆಯ ಕಣ್ಣಿಗೆ ಟಾರ್ಚು ಬಿಟ್ಟು ನೋಡಿದ ತಕ್ಷಣ, "ಔಷಧಿ ಹೊಟ್ಟೆಗೆ ಹೋಗಿದೆ. ಯಾವ್ದು? ಯಾವಾಗ?" ಅಂದರು.

"ಏನಿಲ್ಲ ಮೇಡಂ, ಮುದ್ದೆ, ಸೊಪ್ಪಿನ ಸಾರು," ಅಂದ ಮುನಿರಾಜು.

"ಸೊಪ್ಪಿನ ಸಾರಿಗೆ ಹೀಗಾಗಲ್ಲಪ್ಪ." ಇಂಜೆಕ್ಷನ್ ಕೊಡುತ್ತಲೇ ಕೇಳಿದರು, "ಎಲ್ಲಾ ಔಷಧಿಗೂ ಒಂದೇ ಟ್ರೀಟ್‌ಮೆಂಟ್ ಅಲ್ಲ. ಹೆಸರು ಹೇಳಿದ್ರೆ ತಾನೆ ಇನ್ನೇನು ಕೊಡ್ಬೇಕು ಅಂತ ಗೊತ್ತಾಗೋದು? ಪ್ಯಾಕೆಟ್ ಇದ್ರೆ ತನ್ನಿ." ಅವರ ಕಣ್ಣು ರತ್ನಳ ಮೇಲೆ ನಿಂತಿತು. "ನೀನು ಸೊಸೆನಾ? ಮನೇಲಿ ಜಗಳ ಆಗಿತ್ತಾ? ಊಟ ಬಡಿಸಿದ್ದು ಯಾರು?"

ಡಾಕ್ಟರಮ್ಮನನ್ನು ನಾನು ದೂರುವುದಿಲ್ಲ. ಅವರು ಕೇಳಬೇಕಾದದ್ದನ್ನೇ ಕೇಳಿದರು. ಆದರೆ ಪಕ್ಕದ ಬೆಂಚಿನಲ್ಲಿ ನಮ್ಮೂರಿನ ಇಬ್ಬರು ಕೂತಿದ್ದರು. ಬಡಿಸಿದ್ದು ನಾನೇ ಅಂತ ರತ್ನ ತಲೆಯಾಡಿಸಿದ್ದನ್ನು ಅವರು ಕಣ್ಣಾರೆ ಕಂಡರು.

ನಾನು ಹೊರಗೆ ಬಂದೆ. ನಾಗೇಶ ಗಾಡಿಯಲ್ಲೇ ಕೂತಿದ್ದ.

"ಹೇಳಿಬಿಡೋಣ ಕಣೋ," ಅಂದೆ.

"ಎರಡು ನವಿಲು ಸತ್ತಿವೆ ಅಕ್ಕ. ಹೂತಿದೀನಿ. ಗೊತ್ತಾದ್ರೆ ಜೈಲೇ. ಡಾಕ್ಟ್ರಿಗೆ ಔಷಧಿ ಅಂತ ಗೊತ್ತಾಯ್ತಲ್ಲ, ಅವ್ರು ನೋಡ್ಕೋತಾರೆ. ನನ್ ಹೆಸ್ರು ಮಾತ್ರ ಬರಬಾರ್ದು." ಅಳುತ್ತಿದ್ದ. ನನ್ನ ತಮ್ಮ ಅತ್ತದ್ದನ್ನು ಅಮ್ಮ ಸತ್ತ ಮೇಲೆ ನಾನು ನೋಡಿರಲಿಲ್ಲ.

ಅವನ ಪಕ್ಕ ಹತ್ತಿ ಕೂತೆ. ಎಷ್ಟು ಹೊತ್ತು? ಆಸ್ಪತ್ರೆಗೆ ಬಂದದ್ದು ಎರಡು ಗಂಟೆಗೆ. ನಾನು ಮತ್ತೆ ಒಳಗೆ ಹೋದದ್ದು ಮೂರು ಗಂಟೆಗೆ ಹತ್ತು ನಿಮಿಷ ಇರುವಾಗ. ಅಷ್ಟು ಹೊತ್ತು ಏನು ಯೋಚನೆ ಮಾಡಿದೆ ಅಂತ ಕೇಳಿದರೆ ನಾಚಿಕೆಯಾಗುತ್ತದೆ. ನನ್ನ ಕೆಲಸದ ಬಗ್ಗೆಯೂ ಯೋಚಿಸಿದೆ.

ಒಳಗೆ ಅತ್ತೆಯ ಉಸಿರು ಗೊರಗೊರ ಅನ್ನುತ್ತಿತ್ತು. ಡಾಕ್ಟರಮ್ಮ ಅವರ ಕಿವಿಯ ಹತ್ತಿರ ಬಗ್ಗಿ, "ಅಜ್ಜಿ, ಯಾರಾದ್ರೂ ಏನಾದ್ರೂ ಕೊಟ್ರಾ? ಹೆದರ್ಬೇಡಿ, ಹೇಳಿ," ಅಂದರು. ಅತ್ತೆ ಕಣ್ಣು ತೆರೆದು ಮಗನನ್ನು ನೋಡಿದರು. ಮಗನಿಗೆ ಕೇಸಾಗಬಾರದಲ್ಲ. "ಏಮೀ ಲೇದು ತಲ್ಲೀ," ಅಂದರು. ಏನೂ ಇಲ್ಲ ತಾಯಿ ಅಂತ. ಸಾಯುವ ಹೊತ್ತಿನಲ್ಲಿ ಆ ಹೆಂಗಸು ಇಲ್ಲದ ತಪ್ಪನ್ನು ಮುಚ್ಚಿಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಇರುವ ತಪ್ಪನ್ನು ಮುಚ್ಚಿಡುತ್ತಿದ್ದೆ.

ಆಗ ಹೇಳಿದೆ. ಡಾಕ್ಟರಮ್ಮನನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಪ್ಯಾಕೆಟ್ ನಾಗೇಶನ ಗಾಡಿಯ ಸೀಟಿನ ಕೆಳಗೇ ಇತ್ತು. ಇಷ್ಟು ಹೊತ್ತೂ ಅಲ್ಲೇ ಇತ್ತು, ನಾನು ಅದರ ಮೇಲೇ ಕೂತಿದ್ದೆ. ತಂದು ಕೊಟ್ಟೆ.

"ಇಷ್ಟು ಹೊತ್ತು ಎಲ್ಲಿದ್ರಿ ನೀವು?" ಅಂದರು.

ಔಷಧಿ ಬದಲಾಯಿತು. ಕೋಲಾರಕ್ಕೆ ಸಾಗಿಸಿದರು. ಮೆಷಿನ್ ಹಾಕಿದರು. ಬುಧವಾರ ಬೆಳಗ್ಗೆ ಚೌಡಮ್ಮತ್ತೆ ಹೋದರು.

ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ನಾನು ಹೇಳಿದ್ದು ಡಾಕ್ಟರಿಗೆ ಮಾತ್ರ. ಊರಿಗಲ್ಲ. ಪೊಲೀಸರು ಬಂದು ಕೇಳಿದಾಗ ಹೇಳಿದರಾಯಿತು ಅಂತ ಮುಂದೂಡಿದೆ. ಆ ಮೂರು ದಿನದಲ್ಲಿ ಬೆಂಚಿನ ಮೇಲಿದ್ದ ಇಬ್ಬರ ಮಾತು ಹಬ್ಬಿ, ಸೊಸೆಯೇ ಸಾರಿಗೆ ಏನೋ ಬೆರೆಸಿದಳು ಅಂತಾಗಿತ್ತು. ಪೋಸ್ಟ್ ಮಾರ್ಟಂ ಮುಗಿಸಿ ದೇಹ ಊರಿಗೆ ಬಂದಾಗ ಅತ್ತೆಯ ಹೆಣ್ಣುಮಕ್ಕಳಿಬ್ಬರೂ ಬಾಗಿಲಲ್ಲೇ ನಿಂತಿದ್ದರು. ರತ್ನ ನೀರಿನ ಬಿಂದಿಗೆ ಹಿಡಿದು ಬಂದಳು.

"ಮುಟ್ಬೇಡ ನಮ್ಮಮ್ಮನ್ನ," ಅಂದಳು ದೊಡ್ಡ ಮಗಳು. ಬಿಂದಿಗೆ ಕಿತ್ತುಕೊಂಡಳು. ಹನ್ನೆರಡು ವರ್ಷ ಆ ಅತ್ತೆಗೆ ಬೆನ್ನುಜ್ಜಿ ನೀರು ಹಾಕಿದ ಸೊಸೆ ಕೊನೆಯ ನೀರು ಹಾಕಲಾಗದೆ ದನದ ಕೊಟ್ಟಿಗೆಯಲ್ಲಿ ಹೋಗಿ ಕೂತಳು. ನಾನು ಹತ್ತು ಅಡಿ ದೂರದಲ್ಲಿದ್ದೆ. ಅಷ್ಟು ಜನರ ಮಧ್ಯೆ ನನಗೆ ಬಾಯಿ ಬರಲಿಲ್ಲ. ವಾರವಾರ ನಿಮಗೆಲ್ಲ ಬುದ್ಧಿ ಹೇಳುವ ಬಾಯಿ ಇದು.

ಸಂಜೆ ಸ್ಟೇಷನ್ನಿಗೆ ಹೋಗಿ ಹೇಳಿಕೆ ಬರೆದುಕೊಟ್ಟೆ. ನವಿಲು ಹೂತ ಜಾಗವನ್ನು ನಾಗೇಶ ತಾನೇ ತೋರಿಸಿದ. ಅವನ ಮೇಲೆ ಎರಡು ಕೇಸಾಗಿವೆ. ಜಾಮೀನಿನ ಮೇಲೆ ಹೊರಗಿದ್ದಾನೆ. ನನ್ನ ಫೋನ್ ಎತ್ತುವುದಿಲ್ಲ. ಅವನ ಹೆಂಡತಿ ಎತ್ತಿ, "ಸ್ವಂತ ತಮ್ಮನ್ನ ಕೊಟ್ಟುಬಿಟ್ರಲ್ಲ," ಅಂದಳು. ಆಫೀಸಿನಲ್ಲಿ ಎಲ್ಲರೂ ನನ್ನ ಧೈರ್ಯ ಹೊಗಳುತ್ತಾರೆ. ಒಬ್ಬರು ಕೈ ಕುಲುಕಿದರು. ನಾನು ಕೈ ಕೊಟ್ಟೆ.

ಇವತ್ತಿಗೂ ನಮ್ಮ ಹೋಬಳಿಯಲ್ಲಿ ಎಷ್ಟು ಬೇಲಿಗಳ ಉದ್ದಕ್ಕೂ ಬಣ್ಣದ ಜೋಳ ಬಿದ್ದಿದೆಯೋ ಗೊತ್ತಿಲ್ಲ. ಹಾಕಿದವರೆಲ್ಲ ನಾಗೇಶನ ಹಾಗೆ ಒಳ್ಳೆಯವರೇ, ಬೆಳೆ ಉಳಿಸಿಕೊಳ್ಳಬೇಕಾದವರೇ. ನಿಮ್ಮ ಹೊಲದಲ್ಲಿ ಹಾಕಿದ್ದರೆ ಈ ಪೇಪರ್ ಮಡಚಿಟ್ಟು ಈಗಲೇ ಹೋಗಿ ಬಾಚಿ ತೆಗೆಯಿರಿ. ಹಿತ್ತಿಲಲ್ಲಿ ಕೋಳಿ ತೂಕಡಿಸುತ್ತಿದ್ದರೆ ಕತ್ತಿ ಕೆಳಗಿಡಿ. ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ ಅಂತ ಗೊತ್ತು, ಆದರೂ ಹೇಳುತ್ತಿದ್ದೇನೆ.

ಹನ್ನೊಂದನೇ ದಿನದ ಕಾರ್ಯಕ್ಕೆ ಹೋಗಿದ್ದೆ. ಹೆಣ್ಣುಮಕ್ಕಳು ಅಷ್ಟರಲ್ಲಿ ರತ್ನಳ ಕ್ಷಮೆ ಕೇಳಿದ್ದರು. ಅವಳು ನನಗೆ ಕಾಫಿ ತಂದುಕೊಟ್ಟು, ಎದುರಿಗೆ ಕೂತು, ಮೆತ್ತಗೆ ಕೇಳಿದಳು.

"ಅಕ್ಕಾ, ಟರ್ಕಿಗೆ ಕೇಸಾಗಲ್ಲ ಅಂತ ನಿಮ್ಗೆ ಆವತ್ತೇ ಗೊತ್ತಿತ್ತಂತೆ. ನಾಗೇಶಣ್ಣ ಹೇಳಿದ್ರು."

ಹೂಂ ಅಂದೆ.

"ಗಾಡೀಲೇ ನೀವು ಹೇಳಿದ್ರೆ ನಾವು ಡಾಕ್ಟ್ರಿಗೆ ಹೇಳ್ತಿದ್ವಿ. ಹೇಳಿದ್ರೆ ನಮ್ಮತ್ತೆ ಉಳೀತಿದ್ರಾ ಅಕ್ಕಾ?"

ಇದೇ ಪ್ರಶ್ನೆಯನ್ನು ನಾನು ಆ ಡಾಕ್ಟರಮ್ಮನಿಗೆ ಕೇಳಿದ್ದೆ. ಅವರು ಸುತ್ತಿಬಳಸದೆ ಉತ್ತರ ಕೊಟ್ಟಿದ್ದರು. ಆದರೆ ರತ್ನಳ ಮುಖ ನೋಡಿ ನನಗೆ ಹೇಳಲಾಗಲಿಲ್ಲ. "ಗೊತ್ತಿಲ್ಲ ಕಣಮ್ಮಾ, ಅದನ್ನ ಯಾರು ಹೇಳೋಕಾಗುತ್ತೆ," ಅಂದುಬಿಟ್ಟೆ. ಅವಳು ತಲೆಯಾಡಿಸಿ, ಲೋಟ ತೆಗೆದುಕೊಂಡು ಒಳಗೆ ಹೋದಳು.

ನಾಳೆ ಬೆಳಗ್ಗೆ ಡೈರಿಯಲ್ಲಿ ಅವಳು ಇದನ್ನು ಓದುತ್ತಾಳೆ.

ಉಳೀತಿದ್ರು, ರತ್ನಾ.